ಜೀನ್ ಸರಿಯಿದೆ, ಕೆಟ್ಟದ್ದು ಸ್ವಿಚ್ಚು

ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅಂದಕ್ಕೆ ಮಾತ್ರವಲ್ಲ. ಕಟ್ಟದಿದ್ದರೆ ತುದಿಯ ಎಳೆಗಳು ಬಿಚ್ಚಿಕೊಳ್ಳುತ್ತವೆ. ಜೀವಕೋಶದೊಳಗಿನ ವರ್ಣತಂತುಗಳ ತುದಿಗಳಲ್ಲೂ ಇಂಥ ಕುಚ್ಚುಗಳಿವೆ. ಅವುಗಳ ಹೆಸರು ಟೆಲೊಮಿಯರ್. ಮನುಷ್ಯರಲ್ಲಿ ಟಿಟಿಎಜಿಜಿಜಿ ಎಂಬ ಆರು ಅಕ್ಷರಗಳ ಡಿಎನ್‌ಎ ತುಣುಕು ಮತ್ತೆ ಮತ್ತೆ ಬಂದು ಈ ಕುಚ್ಚು ಆಗಿರುತ್ತದೆ.

ಕೋಶವೊಂದು ಎರಡಾದಾಗಲೆಲ್ಲ ಕುಚ್ಚು ತುಸು ಸವೆಯುತ್ತದೆ. ತೀರಾ ಮೋಟಾದಾಗ ಕೋಶ ವಿಭಜನೆಯನ್ನೇ ನಿಲ್ಲಿಸಿಬಿಡುತ್ತದೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯನ ಕೋಶಗಳು ಸುಮಾರು 50 ಸಲ ಇಬ್ಭಾಗವಾಗಿ ಆಮೇಲೆ ಸುಮ್ಮನಾಗುವುದನ್ನು ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲೇ ತೋರಿಸಿದ್ದರು. ಸವೆದ ಕುಚ್ಚನ್ನು ಮತ್ತೆ ಕಟ್ಟುವ ಕಿಣ್ವವೂ ಇದೆ. ಅದೇ ಟೆಲೊಮರೇಸ್. ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾರೊಲ್ ಗ್ರೈಡರ್ ಇದನ್ನು ಕಂಡದ್ದು 1984ರಲ್ಲಿ, ಕೊಳದ ನೀರಿನ ಒಂದು ಏಕಕೋಶ ಜೀವಿಯಲ್ಲಿ. 2009ರ ನೊಬೆಲ್ ಬಹುಮಾನ ಇವರಿಬ್ಬರಿಗೂ ಜ್ಯಾಕ್ ಶೋಸ್ಟಾಕ್ ಅವರಿಗೂ ಸಂದಿತು.

ಈ ಕಿಣ್ವದ ಮುಖ್ಯ ಭಾಗವನ್ನು ತಯಾರಿಸುವ ಜೀನಿನ ಹೆಸರು ಟರ್ಟ್. ಅದು ಎಲ್ಲ ಕೋಶಗಳಲ್ಲೂ ಇದೆ. ಆದರೆ ಬಹುಪಾಲು ಕೋಶಗಳಲ್ಲಿ ಆರಿಸಿಟ್ಟ ದೀಪದ ಹಾಗಿರುತ್ತದೆ. ಇದು ದೇಹದ ಜಾಣತನವೇ ಸರಿ. ದಾರಿ ತಪ್ಪಿದ ಕೋಶ ಕೂಡ ಎಂದಾದರೊಮ್ಮೆ ನಿಲ್ಲಲೇಬೇಕಲ್ಲ! ಆದರೂ ನೂರರಲ್ಲಿ ಸುಮಾರು 85ರಿಂದ 90 ಕ್ಯಾನ್ಸರ್‌ಗಳಲ್ಲಿ ಈ ಕಿಣ್ವ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಆರಿದ್ದ ದೀಪವನ್ನು ಹೊತ್ತಿಸಿದ್ದು ಯಾವುದು?

ಒಂದು ಉತ್ತರ 2013ರಲ್ಲಿ ಸಿಕ್ಕಿತು. ಅಮೆರಿಕದ ಬಾಸ್ಟನ್ನಿನ ತಂಡವೊಂದು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ 70 ಗಡ್ಡೆಗಳನ್ನು ಪರೀಕ್ಷಿಸಿತು. 50ರಲ್ಲಿ ಒಂದೇ ಬಗೆಯ ತಪ್ಪು. ಅದು ಜೀನಿನ ಬರಹದಲ್ಲಿ ಇರಲಿಲ್ಲ. ಪ್ರೋಟೀನಿನ ಸಂಕೇತ ಶುರುವಾಗುವುದಕ್ಕೆ 124 ಇಲ್ಲವೆ 146 ಅಕ್ಷರ ಮುಂಚೆ, ಜೀನನ್ನು ಹೊತ್ತಿಸುವ ಆರಿಸುವ ಸ್ವಿಚ್ಚಿನ ಜಾಗದಲ್ಲಿ, ‘ಸಿ’ ಇರಬೇಕಾದಲ್ಲಿ ‘ಟಿ’ ಕೂತಿತ್ತು. ಜರ್ಮನಿಯ ಹೈಡಲ್‌ಬರ್ಗಿನ ತಂಡವೂ ಅದೇ ಹೊತ್ತಿಗೆ, ಮೆಲನೋಮ ವಂಶಪಾರಂಪರ್ಯವಾಗಿ ಬಂದಿದ್ದ ಒಂದು ಕುಟುಂಬದಲ್ಲಿ, ಇದೇ ಸ್ವಿಚ್ಚಿನ ಇನ್ನೊಂದು ಅಕ್ಷರ ಬದಲಾಗಿದ್ದನ್ನು ಕಂಡಿತು. ಬಿಸಿಲಿನ ಅತಿನೇರಳೆ ಕಿರಣಗಳು ‘ಸಿ’ಯನ್ನು ‘ಟಿ’ ಮಾಡಬಲ್ಲವು. ಹಾಗೆಂದು ಎಲ್ಲವನ್ನೂ ಸೂರ್ಯನ ತಲೆಗೆ ಕಟ್ಟುವಂತಿಲ್ಲ. ಬಿಸಿಲೇ ತಾಗದ ಮಿದುಳಿನ ಗಡ್ಡೆಗಳಲ್ಲೂ ಇವೇ ಬದಲಾವಣೆಗಳು ಹೇರಳವಾಗಿವೆ.

ಜೀನಿನಲ್ಲಿ ತಪ್ಪಾದರೆ ಪ್ರೋಟೀನು ಕೆಡುತ್ತದೆ ಎಂದು ಮಕ್ಕಳು ಬರೆಯುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಇಲ್ಲಿ ಮಾತ್ರ ಕಿಣ್ವದ ರಚನೆಯಲ್ಲಿ ಎಳ್ಳಷ್ಟೂ ದೋಷವಿಲ್ಲ. ಕೆಟ್ಟದ್ದು ಅದರ ಅಳತೆ. ಸ್ವಿಚ್ಚಿನಲ್ಲಿ ಬದಲಾದ ಆ ಒಂದಕ್ಷರದಿಂದ ಹೊಸದೊಂದು ಬೀಗ ಹುಟ್ಟಿಕೊಳ್ಳುತ್ತದೆ. ಕೋಶದಲ್ಲಿ ಮೊದಲೇ ಓಡಾಡಿಕೊಂಡಿದ್ದ ಜಿಎಬಿಪಿ ಎಂಬ ಪ್ರೋಟೀನು ಅದಕ್ಕೆ ಬೀಗದ ಕೈಯಂತೆ ಹೊಂದಿಕೊಳ್ಳುತ್ತದೆ. ಇದು ತಿಳಿದದ್ದು 2015ರಲ್ಲಿ. ತಾಯಿಯಿಂದೊಂದು ತಂದೆಯಿಂದೊಂದು ಹೀಗೆ ಟರ್ಟ್ ಜೀನಿನ ಎರಡು ಪ್ರತಿಗಳಿವೆಯಷ್ಟೆ. ಜಿಎಬಿಪಿ ಹಿಡಿಯುವುದು ಅಕ್ಷರ ಬದಲಾದ ಪ್ರತಿಯನ್ನು ಮಾತ್ರ. ಮಗ್ಗುಲಲ್ಲೇ ಇರುವ ಸರಿಯಾದ ಪ್ರತಿಯನ್ನು ಅದು ಮುಟ್ಟುವುದಿಲ್ಲ.

ಹಾಗಾದರೆ ಕಿಣ್ವವನ್ನೇ ತಡೆದರಾಗದೆ? ಟೆಲೊಮರೇಸನ್ನು ತಡೆಯುವ ಇಮೆಟೆಲ್‌ಸ್ಟಾಟ್ ಎಂಬ ಔಷಧಕ್ಕೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಅದೂ ಅಸ್ಥಿಮಜ್ಜೆಯ ಒಂದು ರೋಗಕ್ಕೆ, ಪದೇ ಪದೇ ರಕ್ತ ಕೊಡಿಸಬೇಕಾಗಿ ಬರುವ ರೋಗಿಗಳಿಗೆ. ಗಟ್ಟಿ ಗಡ್ಡೆಗಳಲ್ಲಿ ಕೆಲಸ ಅಷ್ಟು ಸುಲಭವಲ್ಲ. ಕಿಣ್ವ ನಿಂತರೂ ಇರುವ ಕುಚ್ಚು ಸವೆಯುವವರೆಗೆ ಕೋಶಗಳು ಒಡೆಯುತ್ತಲೇ ಇರುತ್ತವೆ. ಮೇಲಾಗಿ ರಕ್ತ ತಯಾರಿಸುವ ಆರೋಗ್ಯವಂತ ಮೂಲಕೋಶಗಳಿಗೂ ಈ ಕಿಣ್ವ ಬೇಕು.

ಹೀಗಾಗಿ ಕೆಲವರ ಕಣ್ಣು ಈಗ ಬೀಗದ ಕೈಯ ಮೇಲೆ. ಜಿಎಬಿಪಿಯನ್ನು ಪೂರ್ತಿ ತೆಗೆಯುವಂತಿಲ್ಲ, ಅದಕ್ಕೆ ಕೋಶದಲ್ಲಿ ಬೇರೆ ಕೆಲಸಗಳೂ ಇವೆ. 2018ರಲ್ಲಿ ಅಮೆರಿಕದ ಸಂಶೋಧಕರು ಅದರ ಒಂದು ಉಪಘಟಕವನ್ನಷ್ಟೇ ಪ್ರಯೋಗಶಾಲೆಯಲ್ಲಿ ಕೆಡಿಸಿ ನೋಡಿದರು. ಸ್ವಿಚ್ಚು ಕೆಟ್ಟಿದ್ದ ಮಿದುಳಿನ ಗಡ್ಡೆಯ ಕೋಶಗಳಲ್ಲಿ ಕುಚ್ಚು ಮತ್ತೆ ಸವೆಯತೊಡಗಿತು, ಕೊನೆಗೆ ಕೋಶಗಳು ಸತ್ತವು. ಸ್ವಿಚ್ಚು ಸರಿಯಿದ್ದ ಕೋಶಗಳಿಗೆ ಹೀಗಾಗಲಿಲ್ಲ.