ಒದೆಯೋದು ಪಿಸ್ತೂಲು, ಬೈಸಿಕೊಳ್ಳೋದು ಹುಡುಗಿ

ಶಿರಸಿ ಮಾರಿಜಾತ್ರೆಗೆ ಹೋದವರೆಲ್ಲ ಬಲೂನು ಹೊಡೆಯುವ ಅಂಗಡಿ ಮುಂದೆ ಒಂದು ಸಲವಾದರೂ ನಿಂತಿರುತ್ತೀರಿ. ನಾವಂತೂ ಅಲ್ಲಿ ಸಾಕಷ್ಟು ದುಡ್ಡು ಕಳೆದಿದ್ದೇವೆ. ಆ ಏರ್‌ಗನ್ ಎಷ್ಟು ಹೊಡೆದರೂ ಹೆಗಲು ನೋಯೋದಿಲ್ಲ. ಮಂಗ, ಕಾಡುಹಂದಿ ಓಡಿಸೋಕೆ ಅಂತ ತೋಟದ ಮನೆಗಳಲ್ಲಿ ಇಟ್ಟಿರುವ ತೋಟಾ ಕೋವಿ ಹಾಗಲ್ಲ. ಸರಿಯಾಗಿ ಹಿಡಿಯದಿದ್ದರೆ ಒದೆಯುತ್ತದೆ. ಊರಲ್ಲಿ ಅದಕ್ಕೆ ಇರೋ ಶಬ್ದವೇ ಅದು, ಒದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅದು ಪಿಯುಸಿ ಫಿಸಿಕ್ಸ್‌ನ ರೀಕಾಯ್ಲ್, ಸುಲಭಕ್ಕೆ ಮಾರ್ಕ್ಸ್ ಕೊಡುವ ಎರಡು ಸಾಲಿನ ಲೆಕ್ಕ. ಆ ಲೆಕ್ಕದಲ್ಲಿ ಬಂದೂಕು ಹಿಡಿದವರ ಬಗ್ಗೆ ಒಂದು ಮಾತೂ ಇರಲಿಲ್ಲ.

ಈ ವರ್ಷ ಹಿಡಿದವಳೂ ಲೆಕ್ಕಕ್ಕೆ ಬಂದಳು. ನಮ್ಮ ಗುಂಪಿನವನೊಬ್ಬನ ತಂಗಿ, ಶಿರಸಿ ಹತ್ತಿರದ ಹಳ್ಳಿಯವಳು, ಹತ್ತನೇ ಕ್ಲಾಸು. ಎರಡು ವರ್ಷದಿಂದ 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಿದ್ದಾಳೆ. ಪ್ರಾಕ್ಟೀಸಿಗೆ ಮುಂಡಗೋಡದ ಮೇಲೆ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಬೇಕು. ಬೇಸಿಗೆ ರಜೆಯಲ್ಲಿ ಕೋಚ್ ಅವಳ ಕೈಗೆ 25 ಮೀಟರಿನ .22 ಪಿಸ್ತೂಲ್ ಕೊಟ್ಟರು. ಗುಂಡುಗಳು ಟಾರ್ಗೆಟ್ಟಿನ ಕೆಳಗೆ, ಎಡಕ್ಕೆ ಬೀಳತೊಡಗಿದವು. ಮನೆಯಲ್ಲಿ ಅವಳ ಅಪ್ಪಚ್ಚಿ ತೀರ್ಪು ಕೊಟ್ಟೇಬಿಟ್ಟರು: "ಕೂಸಿನ ಕೈಲಿ ತ್ರಾಣ ಇಲ್ಲೆ. ಗಾಳಿ ಪಿಸ್ತೂಲ್ ಅಂದ್ರೆ ಜಾತ್ರೆ ಆಟ, ನಿಜವಾದ್ದು ಕೊಟ್ಟ ಕೂಡ್ಲೇ ಗೊತ್ತಾತು."

ಈ ಮಾತಿನ ಎರಡೂ ಭಾಗ ತಪ್ಪು ಅನ್ನೋದು ನಮ್ಮ ವಾದ. ಆದರೆ ನಾವೂ ಮೊದಲು ಅದೇ ದಾರಿಯಲ್ಲಿ ಯೋಚಿಸಿದೆವು ಅನ್ನೋದನ್ನ ಒಪ್ಪಿಕೊಳ್ಳಬೇಕು. ಮೆಕ್ಯಾನಿಕಲ್ ಸೆಕೆಂಡ್ ಇಯರ್ ಹುಡುಗರಿಗೆ ಒದೆ ಅಂದರೆ ಸಾಕು, ಡ್ಯಾಂಪರ್, ಸ್ಪ್ರಿಂಗು, ತೂಕ. ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿದರೆ ಹೇಗೆ ಅಂತ ಸ್ಕೆಚ್ ಕೂಡ ಹಾಕಿದ್ದೆವು. ಸ್ಪರ್ಧೆಯಲ್ಲಿ ಮಣಿಕಟ್ಟಿಗೆ ಯಾವ ಆಧಾರವೂ ಇರಬಾರದು, ಒಂದೇ ಕೈಯಲ್ಲಿ ಹೊಡೆಯಬೇಕು, ಪಿಸ್ತೂಲಿನ ತೂಕ 1400 ಗ್ರಾಂ ದಾಟಬಾರದು ಅಂತ ರೂಲ್ ಓದಿದ ಮೇಲೆ ಸ್ಕೆಚ್ ಮಡಚಿಟ್ಟೆವು.

ಆಮೇಲೆ ಲೆಕ್ಕಕ್ಕೆ ಕೂತೆವು. .22 ಗುಂಡಿನ ತೂಕ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 320 ಮೀಟರ್. ಪಿಸ್ತೂಲು 1.2 ಕೆಜಿ ಇದ್ದರೆ ಅದು ಸೆಕೆಂಡಿಗೆ 0.7 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಶಕ್ತಿ ಜೂಲ್‌ನಲ್ಲಿ ಹೇಳೋದಾದರೆ 0.3ರ ಆಸುಪಾಸು. ತೋಟಾ ಕೋವಿಯದ್ದು 20 ಜೂಲ್ ದಾಟುತ್ತದೆ. ಹಾಗಾದರೆ .22 ಒದೆಯೋದೇ ಇಲ್ವಾ? ಒದೆಯುತ್ತೆ. ಏರ್ ಪಿಸ್ತೂಲಿನ ಅರ್ಧ ಗ್ರಾಂ ಪೆಲೆಟ್ಟಿಗೆ ಹೋಲಿಸಿದರೆ ಹತ್ತು ಪಟ್ಟು ತಳ್ಳುತ್ತದೆ. ಎರಡು ವರ್ಷ ಆ ಮೆತ್ತಗಿನ ತಳ್ಳಿಗೆ ಒಗ್ಗಿದ ಕೈಗೆ ಇದು ದೊಡ್ಡದೇ. ಸದ್ದು ಬೇರೆ.

ಇನ್ನೊಂದು ಲೆಕ್ಕ ನಮಗೇ ಆಶ್ಚರ್ಯ ಹುಟ್ಟಿಸಿತು. ಗುಂಡು 12 ಸೆಂಟಿಮೀಟರ್ ನಳಿಗೆ ದಾಟಿ ಹೊರಬರೋಕೆ ಬೇಕಾಗೋದು ಸುಮಾರು ಒಂದು ಮಿಲಿಸೆಕೆಂಡ್. ಅಷ್ಟರಲ್ಲಿ ಪಿಸ್ತೂಲು ಹಿಂದೆ ಸರಿಯೋದು ಕಾಲು ಮಿಲಿಮೀಟರ್! ನಮ್ಮ ಕಣ್ಣಿಗೆ ಕಾಣುವ ನೆಗೆತವೆಲ್ಲ ಗುಂಡು ಹೋದ ಮೇಲಿನದ್ದು. ಹಾಗಿದ್ದರೆ ಗುಂಡು ಕೆಳಗೆ, ಎಡಕ್ಕೆ ಹೋಗಿದ್ದು ಯಾಕೆ?

ಉತ್ತರ ಸಿಕ್ಕಿದ್ದು ಫೋನಿನಲ್ಲಿ. ಕೋಚ್ ಒಪ್ಪಿಗೆ ಪಡೆದು, ಅವರು ಹೇಳಿದ ಜಾಗದಲ್ಲೇ ನಿಂತು ಸ್ಲೋ ಮೋಷನ್ ವಿಡಿಯೋ ಮಾಡಿದೆವು. ಕೋಚ್ ಅವಳಿಗೆ ಹೇಳದೆ ಗುಂಡುಗಳ ಮಧ್ಯೆ ಒಂದು ಖಾಲಿ ತೋಟಾ ಸೇರಿಸಿದ್ದರು. ಟ್ರಿಗರ್ ಎಳೆದಾಗ ಬರೀ ಟಿಕ್ ಅಂದಿತು. ಒದೆಯೋಕೆ ಒಳಗೆ ಏನೂ ಇರಲಿಲ್ಲ, ಆದರೂ ನಳಿಗೆಯ ಮೂತಿ ಕುಸಿಯಿತು. ಟಿಕ್ ಅನ್ನೋದಕ್ಕೂ ಮೊದಲೇ. ಬರಲಿರುವ ಒದೆಯನ್ನ ಕೈ ಮುಂಚೆಯೇ ತಡೆಯೋಕೆ ಹೋಗಿತ್ತು. ಮೂರು ಸಲ ವಿಡಿಯೋ ನೋಡಿ ಅವಳೇ ಅಂದಳು, "ಅಣ್ಣಾ, ನಾನೇ ಬಗ್ಗಿಸ್ತಾ ಇದ್ದೆ."

ಕೈಯಲ್ಲಿ ತ್ರಾಣ ಇಲ್ಲದಿದ್ದರೆ ಹೀಗಾಗೋದಿಲ್ಲ. ತ್ರಾಣವನ್ನ ತಪ್ಪು ಹೊತ್ತಲ್ಲಿ ಹಾಕಿದರೆ ಹೀಗಾಗುತ್ತದೆ. ಇನ್ನೂ ಗಟ್ಟಿ ಹಿಡಿ, ದಂಡ ಹೊಡಿ ಅಂತ ಹೇಳಿದ್ದರೆ ಇನ್ನೂ ಜೋರಾಗಿ ಬಗ್ಗಿಸುತ್ತಿದ್ದಳು. ಮಣಿಕಟ್ಟು, ಭುಜದ ವ್ಯಾಯಾಮ ಬೇಡ ಅಂತಲ್ಲ. ಕಿಲೋಗಿಂತ ಭಾರದ್ದನ್ನ ಕೈ ಚಾಚಿ ಹಿಡಿಯೋಕೆ ಅದು ಬೇಕೇ ಬೇಕು. ಆದರೆ ಭಯಕ್ಕೆ ಅದು ಮದ್ದಲ್ಲ.

ಮದ್ದು ಬಹಳ ಬೋರಿಂಗು. ಗುಂಡಿಲ್ಲದೆ ಗೋಡೆ ಮುಂದೆ ನಿಂತು ನೂರಾರು ಸಲ ಟ್ರಿಗರ್ ಎಳೆಯೋದು. ಮನೆಯಲ್ಲಿ ಅದು ಏರ್ ಪಿಸ್ತೂಲಿನಲ್ಲೇ, ಯಾಕಂದರೆ .22ಕ್ಕೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ 21 ವರ್ಷ ಆಗಬೇಕು. ರೇಂಜಿನಲ್ಲಿ ಖಾಲಿ ತೋಟಾ ಬೆರೆಸಿದ ಸರಣಿ. ಗುಂಡು ಹೋದ ಮೇಲೆ ಪಿಸ್ತೂಲ್ ನೆಗೆಯಲಿ ಅಂತ ಬಿಟ್ಟು, ಅದು ಪ್ರತಿ ಸಲ ಅದೇ ಜಾಗಕ್ಕೆ ವಾಪಸ್ ಬರುತ್ತಾ ಅಂತ ನೋಡೋದು. 25 ಮೀಟರಿನ ರ‍್ಯಾಪಿಡ್ ಸುತ್ತಿನಲ್ಲಿ ಒಂದು ಗುಂಡಿಗೆ ಸಿಗೋದು 3 ಸೆಕೆಂಡು, ಆಮೇಲೆ 7 ಸೆಕೆಂಡು ಕೈ ಕೆಳಗೆ, ಮತ್ತೆ 3 ಸೆಕೆಂಡು. ಸಣ್ಣ ಒದೆಗಿಂತ ಒಂದೇ ಥರದ ಒದೆ ಅಲ್ಲಿ ಹೆಚ್ಚು ಉಪಯೋಗ.

ನಮ್ಮ ಬ್ರ್ಯಾಂಚಿಗೂ ಒಂದು ಕೆಲಸ ಸಿಕ್ಕಿತು, ಗ್ರಿಪ್ಪು. ಕ್ಲಬ್ಬಿನ ಪಿಸ್ತೂಲಿನ ಮರದ ಹಿಡಿ ದೊಡ್ಡವರ ಅಂಗೈಗೆ ಕೆತ್ತಿದ್ದು. ಅವಳ ಕೈ ಅದರಲ್ಲಿ ಅರ್ಧ ಸೆಂಟಿಮೀಟರ್ ಕೆಳಗೆ ಜಾರುತ್ತಿತ್ತು. ನಳಿಗೆ ಕೈಗಿಂತ ಎಷ್ಟು ಮೇಲಿದೆಯೋ ಅಷ್ಟು ಟಾರ್ಕ್, ಅಷ್ಟು ಮೂತಿ ಮೇಲೇಳುತ್ತದೆ. ಕೋಚ್ ಅವಳಿಗೆ ಅಂತ ಒಂದು ಬೇರೆ ಹಿಡಿ ಹುಡುಕಿ ಕೊಟ್ಟರು. ಅದಕ್ಕೆ ವುಡ್ ಪುಟ್ಟಿ ಮೆತ್ತಿ, ಒಣಗಿಸಿ, ಮರಳು ಕಾಗದದಲ್ಲಿ ಉಜ್ಜಿ, ಮತ್ತೆ ಮೆತ್ತಿ ಕೈಯನ್ನ ಮೇಲಕ್ಕೆ ತಂದೆವು. ಖರ್ಚು ಇನ್ನೂರು ರೂಪಾಯಿ ಒಳಗೆ. ಇದರ ಜೊತೆ ಹೈ ವೆಲಾಸಿಟಿ ತೋಟಾ ಬಿಟ್ಟು ಸ್ಟ್ಯಾಂಡರ್ಡ್ ಮಾತ್ರ ಹೊಡೆಯೋದು ಅಂತಾಯಿತು. ಅಷ್ಟರಿಂದಲೇ ತಳ್ಳು ಸ್ವಲ್ಪ ಇಳಿಯುತ್ತದೆ.

ಇನ್ನು ಜಾತ್ರೆ ಆಟದ ಮಾತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದು ಏರ್ ಪಿಸ್ತೂಲಿನಲ್ಲಿ. ದಿವ್ಯಾ ಟಿ.ಎಸ್. 2023ರ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದಿದ್ದೂ ಅದರಲ್ಲೇ. ಮನು ಭಾಕರ್ ಅವರ 2024ರ ಪ್ಯಾರಿಸ್ ಕಂಚುಗಳೆರಡೂ ಏರ್ ಪಿಸ್ತೂಲಿನವೇ, 25 ಮೀಟರಿನಲ್ಲಿ ಅವರು ನಾಲ್ಕನೆಯವರು. ಒಂದು ಕೈ ಜೇಬಲ್ಲಿಟ್ಟು ಮೀಮ್ ಆದ ಟರ್ಕಿಯ ಯೂಸುಫ್ ಡಿಕೆಚ್ ಹಿಡಿದಿದ್ದೂ ಗಾಳಿ ಪಿಸ್ತೂಲನ್ನೇ. (ಜೇಬಿನ ಕೈ ಸ್ಟೈಲಿಗಲ್ಲ, ಆ ತೋಳು ಅಲ್ಲಾಡದಿರಲಿ ಅಂತ.) 10 ಮೀಟರಿನ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್, ಒಂದು ಸಣ್ಣ ಬಟನ್ನಿನಷ್ಟು. ಜಾತ್ರೆಯಲ್ಲಿ ಅಷ್ಟು ಚಿಕ್ಕ ಬಲೂನು ನಾವು ಕಂಡಿಲ್ಲ.

ಹಾಗಾಗಿ ನಮ್ಮ ಒತ್ತಾಯ ಇಷ್ಟೇ. ಎಸ್ಸೆಸ್ಸೆಲ್ಸಿ ಮುಗಿಯೋತನಕ .22 ತಿಂಗಳಿಗೆ ಎರಡೇ ಸಲ ಇರಲಿ, ಉಳಿದದ್ದು ಏರ್ ಪಿಸ್ತೂಲು. ಇದನ್ನ ಯಾರೂ ಹಿಂಬಡ್ತಿ ಅನ್ನಬೇಡಿ. ಸ್ಕೋರು ಬಿದ್ದ ದಿನ ಅವಳ ಮಣಿಕಟ್ಟು ನೋಡಿ ಮಾತಾಡುವ ಬದಲು ವಿಡಿಯೋ ನೋಡಿ.

ಅಪ್ಪಚ್ಚಿಗೆ ವಿಡಿಯೋ ಇನ್ನೂ ತೋರಿಸಿಲ್ಲ. ಫೋನಲ್ಲಿ ಕಳಿಸಿದರೆ ಎರಡು ಟಿಕ್ ಬಂದು ಅಲ್ಲಿಗೇ ನಿಲ್ಲುತ್ತದೆ ಅಂತ ಗೊತ್ತು. ದೊಡ್ಡಹಬ್ಬಕ್ಕೆ ಊರಿಗೆ ಹೋದಾಗ ಅಡಿಕೆ ಸುಲಿಯುವ ಚಪ್ಪರದಲ್ಲೇ ಪಕ್ಕ ಕೂತು ತೋರಿಸುತ್ತೇವೆ.