ವೈರು ಚುಚ್ಚೋಕೆ ನಾವು, ಕೀ ಮಾತ್ರ ಅವ್ರಿಗಾ?

ನಮ್ಮನೆಗೆ ಕರೆಂಟ್ ಕಾರು ಬಂದು ಮೂರು ತಿಂಗ್ಳಾಯ್ತು. ಎಂಗದೆ, ಎಂಗದೆ ಅಂತ ಫೋನ್ ಮಾಡಿ ಕೇಳೋ ಅಕ್ಕಂದಿರು, ಅತ್ಗೇರು, ಬೀದಿ ಚಿಕ್ಕಮ್ಮಂದಿರಿಗೆಲ್ಲ ಒಂದೇ ಸಲ ಉತ್ರ ಬರ್ದುಬುಡ್ತೀನಿ. ಕಾರು ಚೆನ್ನಾಗದೆ. ಕಾರಿನ ಮೇಲೆ ನಂದೇನೂ ತಕರಾರಿಲ್ಲ. ತಕರಾರಿರೋದು ಆ ಕಾರು ಬಂದ್ಮೇಲೆ ಮನೇಲಿ ಯಾರ ಕೆಲ್ಸ ಹೆಚ್ಚಾಯ್ತು, ಯಾರ ದುಡ್ಡು ಉಳೀತು ಅನ್ನೋದ್ರ ಮೇಲೆ.

ಮೊದ್ಲು ಓಡ್ಸೋ ವಿಚಾರ. ಗೇರಿಲ್ಲ, ಕ್ಲಚ್ಚಿಲ್ಲ. ಬಲಗಾಲಿಗೆ ಎರಡು ಪೆಡಲ್ಲು, ಅಷ್ಟೇಯ. ಹಂಪ್ ಹತ್ರ ನಿಂತು ಹೊರ್ಟ್ರೆ ಇಂಜಿನ್ ಆಫಾಯ್ತದೆ ಅನ್ನೋ ಭಯ ಇಲ್ಲ. ಕಾಲು ತೆಗುದ್ರೆ ತಾನೇ ನಿಧಾನ ಆಯ್ತದೆ, ಹಂಗೆ ನಿಧಾನ ಆಗೋವಾಗ ಒಸಿ ಕರೆಂಟು ಬ್ಯಾಟರಿಗೆ ವಾಪಸ್ ಹೋಯ್ತದೆ. ಗೇರು ಹಾಕೋಕೆ ಕೈ ನಡುಗ್ತದೆ ಅಂತ ಲೈಸೆನ್ಸ್ ತೆಗ್ದು ಬೀರುವಲ್ಲಿ ಮಡಗಿದೋರು ನಮ್ಮಲ್ಲಿ ಎಷ್ಟು ಜನ ಇದೀರಿ ಅಂತ ನಂಗೊತ್ತು. ನಿಮ್ಗೋಸ್ಕರಾನೇ ಮಾಡಿದಂಗದೆ ಈ ಕಾರು.

ಕೊರತೆನೂ ಅವೆ. ಸದ್ದೇ ಬರದೆ ಇರೋದ್ರಿಂದ ಓಣೀಲಿ ಹೋಗೋವಾಗ ವಯಸ್ಸಾದೋರಿಗೆ, ಆಡೋ ಮಕ್ಳಿಗೆ ಹಿಂದೆ ಕಾರು ಬಂದಿದ್ದೇ ಗೊತ್ತಾಗಲ್ಲ, ಹುಷಾರಾಗಿರ್ಬೇಕು. ಊರೊಳಗೆ ನಿಧಾನಕ್ಕೆ ಹೋದ್ರೆ ಚಾರ್ಜ್ ಬಾಳಿಕೆ ಬತ್ತದೆ. ಮೈಸೂರು ಎಕ್ಸ್‌ಪ್ರೆಸ್ ವೇನಲ್ಲಿ ನೂರರ ಸ್ಪೀಡಲ್ಲಿ ಹೋದ್ರೆ ಕಣ್ಮುಂದೇನೆ ಕರಗ್ತದೆ. ಬ್ರೋಶರಲ್ಲಿ ಹೇಳಿದಷ್ಟು ದೂರ ಬರಲ್ಲ. ಆದ್ರೆ ನಮ್ಮ ಓಡಾಟ ಎಲ್ಲಿಗವ್ವ? ರಾಮನಗರದಿಂದ ಚನ್ನಪಟ್ಟಣ ಸುಮಾರು 12 ಕಿಲೋಮೀಟರು. ಕನಕಪುರಕ್ಕೋ ಮಾಗಡಿಗೋ ಹೋಗಿ ಬಂದ್ರೂ ಅರ್ಧ ಬ್ಯಾಟರಿ ಉಳೀತದೆ.

ಇನ್ನು ಆಡ್ಕೊಳ್ಳೋರ ಮಾತು. "ಚನ್ನಪಟ್ಟಣದ ಬೊಂಬೆ ಕಾರಂಗದೆ" ಅಂತರೆ ಒಬ್ರು. "ಇದು ಹೆಂಗಸ್ರ ಕಾರು ಬುಡಿ" ಅಂತರೆ ಇನ್ನೊಬ್ರು. ಬೊಂಬೆ ಅನ್ನೋದನ್ನ ನಾನು ಬೈಗುಳ ಅಂತ ತಗೊಳ್ಳಲ್ಲ, ಆಲೆಮರ ಕಡ್ದು ಅರಗು ಹಚ್ಚಿ ಎಷ್ಟೋ ಮನೆಗಳ ಹೊಟ್ಟೆ ತುಂಬಿಸಿರೋ ಕಸುಬು ಅದು. ಹೆಂಗಸ್ರ ಕಾರು ಅನ್ನೋ ಮಾತಂತೂ ಹೊಸದೇನಲ್ಲ. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಪೆಟ್ರೋಲ್ ಕಾರು ಸ್ಟಾರ್ಟ್ ಮಾಡ್ಬೇಕಾದ್ರೆ ಮುಂದುಗಡೆ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸ್ಬೇಕಿತ್ತು, ಎದುರೇಟು ಹೊಡುದ್ರೆ ಕೈ ಮುರೀತಿತ್ತು. ಆಗ ಕರೆಂಟ್ ಕಾರನ್ನ ಹೆಂಗಸ್ರ ಕಾರು ಅಂತಾನೇ ಮಾರ್ತಿದ್ರು. ಊರಿಗೆಲ್ಲ ಪೆಟ್ರೋಲ್ ಕಾರು ಮಾರ್ದ ಹೆನ್ರಿ ಫೋರ್ಡ್ ಹೆಂಡ್ತಿ ಕ್ಲಾರಾ ಫೋರ್ಡ್ ಓಡ್ಸ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಅನ್ನೋ ಕರೆಂಟ್ ಕಾರು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು, ಆಮೇಲೆ ಕೈಲಿ ತಿರುಗ್ಸೋ ಕಷ್ಟ ತಪ್ತು, ಕರೆಂಟ್ ಕಾರು ಮೂಲೆ ಸೇರ್ತು. ನಮ್ಮ ಬೆಂಗ್ಳೂರಲ್ಲೇ 2001ರಲ್ಲಿ ರೇವಾ ಬಂದಾಗ್ಲೂ ಜನ ಅದ್ರ ಸೈಜ್ ನೋಡಿ ನಕ್ಕಿದ್ರು. ಈಗ ಅದೇ ಜನ ಕರೆಂಟ್ ಕಾರಿಗೆ ಬುಕ್ ಮಾಡಿ ಕಾಯ್ತವ್ರೆ.

"ದಾರೀಲಿ ಚಾರ್ಜ್ ಮುಗುದ್ರೆ ಏನ್ಮಾಡ್ತೀಯ" ಅನ್ನೋರಿಗೂ ಒಂದು ಕತೆ ಅದೆ. 1888ರ ಆಗಸ್ಟಲ್ಲಿ ಜರ್ಮನಿಯ ಬರ್ಥಾ ಬೆಂಜ್ ಗಂಡನಿಗೆ ಹೇಳ್ದೆ, ಇಬ್ರು ಗಂಡುಮಕ್ಳ ಕೂರಿಸ್ಕೊಂಡು, ಗಂಡ ಮಾಡಿದ್ದ ಮೋಟಾರ್ ಗಾಡಿನ ನೂರು ಕಿಲೋಮೀಟರ್ ಮೇಲೆ ಓಡಿಸ್ಕೊಂಡು ತೌರಿಗೆ ಹೋದ್ರು. ಆಗ ಪೆಟ್ರೋಲ್ ಬಂಕೇ ಇರ್ಲಿಲ್ಲ. ಔಷಧಿ ಅಂಗಡೀಲಿ ಇಂಧನ ಕೊಂಡ್ಕೊಂಡ್ರು. ಪೈಪ್ ಕಟ್ಕೊಂಡಾಗ ಟೋಪಿ ಪಿನ್ನಲ್ಲಿ ಚುಚ್ಚಿ ಬುಡಿಸಿದ್ರು. ಬಂಕ್ ಆಗ್ಲಿ ಆಮೇಲೆ ಹೊರ್ಡ್ತೀನಿ ಅಂತ ಆಯಮ್ಮ ಕಾದು ಕೂತಿದ್ರೆ ಪೆಟ್ರೋಲ್ ಕಾರೂ ಶೆಡ್ಡಲ್ಲೇ ಇರ್ತಿತ್ತೇನೋ.

ಈಗ ಅಸಲು ವಿಷಯಕ್ಕೆ ಬತ್ತೀನಿ. ಪೆಟ್ರೋಲ್ ಕಾರಿದ್ದಾಗ ಬಂಕಿಗೆ ಹೋಗೋದು ಗಂಡಸ್ರ ಕೆಲ್ಸ. ಕರೆಂಟ್ ಕಾರು ಬಂದಿದ್ದೇ ಬಂಕು ಮನೆಯೊಳಕ್ಕೆ ಬಂತು, ಮನೆಯೊಳಕ್ಕೆ ಬಂದ ಕೆಲ್ಸ ಎಲ್ಲ ನಮ್ಮ ತಲೆಗೆ ಬತ್ತದಲ್ಲ, ಇದೂ ಬಂತು. "ಹಾಲು ಕಾಯ್ಸಿದಾ" ಅಂತ ಕೇಳೋ ದನೀಲೇ "ಚಾರ್ಜಿಗೆ ಹಾಕಿದಾ" ಅಂತ ಕೇಳ್ತರೆ. ಕರೆಂಟ್ ಹೋದ್ರೆ ರಾತ್ರಿ ಎದ್ದು ನೋಡೋಳು ನಾನು. ಗೀಸರು, ನೀರಿನ ಮೋಟ್ರು, ಕಾರು ಮೂರೂ ಒಟ್ಟಿಗೆ ಓಡದಂಗೆ ಹೊಂದಿಸೋಳು ನಾನು. ಬೆಳಿಗ್ಗೆ ವೈರು ಸುತ್ತಿ ಮಡಗೋಳೂ ನಾನು. ಕೀ ಮಾತ್ರ ಅವ್ರ ಪ್ಯಾಂಟಿನ ಜೇಬಲ್ಲಿ.

ಇದು ನಮ್ಮ ಸೀಮೇಲಿ ಹಳೇ ರೋಗ. ಸೊಪ್ಪು ತರೋದು, ರಾತ್ರಿ ಎದ್ದು ಹುಳಕ್ಕೆ ಹಾಕೋದು, ಹಣ್ಣಾದ ಹುಳ ಆಯ್ದು ಚಂದ್ರಿಕೆಗೆ ಬುಡೋದು ಹೆಂಗಸ್ರು. ಗೂಡು ಕಟ್ಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ದುಡ್ಡು ಎಣಿಸ್ಕೊಂಡು ಬರೋದು ಗಂಡಸ್ರು. ರೇಷ್ಮೇಲಿ ಆದದ್ದೇ ಕಾರಲ್ಲೂ ಆಗ್ಲಿ ಅಂತ ಸುಮ್ನಿರೋದಾ?

ಲೆಕ್ಕ ಹೇಳ್ತೀನಿ ಕೇಳಿ. 2023ರ ಆಗಸ್ಟಿಂದ ಗೃಹಜ್ಯೋತಿ ಬಂದದೆ. ಮನೆಮನೆಗೂ ಹಿಂದಿನ ಬಳಕೆ ನೋಡಿ ಒಂದು ಮಿತಿ, ಮಿತಿ ದಾಟಿದ್ರೆ ದಾಟಿದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು. ನಮ್ಮನೆ ಖರ್ಚು ತಿಂಗ್ಳಿಗೆ 90 ಯೂನಿಟ್, ಬಿಲ್ಲು ಸೊನ್ನೆ ಬತ್ತಿತ್ತು. ಕಾರಿನ ಬ್ಯಾಟರಿ 24 ಯೂನಿಟ್ಟಿಂದು. ಸೋರೋದು ಸೇರಿ ಪೂರ್ತಿ ತುಂಬಕ್ಕೆ 27 ಯೂನಿಟ್ ಬೇಕು, ಅದ್ರಲ್ಲಿ 165 ಕಿಲೋಮೀಟರ್ ಓಡ್ತದೆ. ತಿಂಗ್ಳಿಗೆ 900 ಕಿಲೋಮೀಟರ್ ಓಡುದ್ರೆ ಹತ್ತತ್ರ 150 ಯೂನಿಟ್. ಮನೇದು ಸೇರಿ 240. ಗೃಹಜ್ಯೋತಿ ಆರೋಯ್ತು, ನಿಗದಿ ಶುಲ್ಕ ತೆರಿಗೆ ಎಲ್ಲ ಸೇರಿ 2,000 ರೂಪಾಯಿ ಆಸುಪಾಸು ಬಿಲ್ಲು ಬಂತು.

ಅದೇ 900 ಕಿಲೋಮೀಟರಿಗೆ ಹಳೇ ಕಾರು ಲೀಟರಿಗೆ 16 ಕೊಡ್ತಿತ್ತು. 56 ಲೀಟರ್ ಪೆಟ್ರೋಲು, 5,700 ರೂಪಾಯಿ. ಹಂಗಾದ್ರೆ ಮನೆಗೆ 3,700 ಉಳೀತಲ್ಲ ಅಂತೀರಿ. ಉಳೀತು, ಯಾರಿಗೆ? ಪೆಟ್ರೋಲ್ ದುಡ್ಡು ಅವ್ರ ಜೇಬಿಂದ ಹೋಯ್ತಿತ್ತು, ಅದು ಅಲ್ಲೇ ಉಳ್ಕೊಂತು. ಕರೆಂಟ್ ಬಿಲ್ಲು ನಾನು ಮನೆ ಖರ್ಚಲ್ಲಿ ಕಟ್ಟೋದು. "ಯಾಕೆ ಈ ತಿಂಗ್ಳು ಖರ್ಚು ಜಾಸ್ತಿ ಆಯ್ತು" ಅಂತ ಕೇಳಿಸ್ಕೊಂಡೋಳು ನಾನು! ಕಾರು ದುಡ್ಡು ಉಳಿಸ್ತದೆ ಅನ್ನೋ ಮಾತು ನಿಜ, ಆದ್ರೆ ಒಂದೇ ಮನೇಲಿ ಎರಡು ಪರ್ಸ್ ಇರ್ತವೆ ಅನ್ನೋದನ್ನ ಯಾವ ಶೋರೂಮಿನೋರೂ ಹೇಳಲ್ಲ.

"ನಿಮ್ಗೆ ಫ್ರೀ ಬಸ್ ಅದಲ್ಲ, ಕಾರ್ ಕೀ ಯಾಕೆ" ಅಂತ ಕುಟುಕೋರೂ ಅವ್ರೆ. ಶಕ್ತಿ ಯೋಜನೆ ನನ್ಗೂ ಬೇಕು, ಈಗ್ಲೂ ಬೆಂಗ್ಳೂರಿಗೆ ಬಸ್ಸಲ್ಲೇ ಹೋಗೋಳು ನಾನು. ಆದ್ರೆ ರಾತ್ರಿ ಹನ್ನೊಂದಕ್ಕೆ ಅತ್ತೆಗೆ ಎದೆನೋವು ಅಂದ್ರೆ ಹಳ್ಳಿ ದಾರೀಲಿ ಯಾವ ಬಸ್ಸು ನಿಲ್ತದೆ? ಬಾಗ್ಲಲ್ಲಿ ಕಾರು ನಿಂತಿದ್ರೂ ಓಡ್ಸೋರು ಬರ್ಲಿ ಅಂತ ಕಾಯೋದು ಇದ್ಯಲ್ಲ, ಅದಕ್ಕಿಂತ ದೊಡ್ಡ ಬಡತನ ಇನ್ನೊಂದಿಲ್ಲ.

ಅದಕ್ಕೇ, ಕರೆಂಟ್ ಕಾರು ತಗೊಳ್ಳೋ ಮಾತು ನಿಮ್ಮನೇಲಿ ಎದ್ದಿದ್ರೆ ಬಣ್ಣ ಯಾವ್ದು ಅಂತ ಕೇಳೋಕೆ ಮುಂಚೆ ನಾಕು ಮಾತು ಗಟ್ಟಿ ಮಾಡ್ಕೊಳ್ಳಿ. ಒಂದು, ಚಾರ್ಜಿಂಗಿಗೆ ಅರ್ಥಿಂಗ್ ಸರಿಯಾಗಿರೋ 15 ಆಂಪ್ಸ್ ಪಾಯಿಂಟು, ಅದಕ್ಕೇ ಬೇರೆ ಎಂಸಿಬಿ. ಎಕ್ಸ್‌ಟೆನ್ಶನ್ ಬಾಕ್ಸ್ ಎಳ್ದು ಚಾರ್ಜ್ ಮಾಡೋಕೆ ಒಪ್ಪಲೇಬೇಡಿ, ಬೆಂಕಿ ಹತ್ತೋದು ನಿಮ್ಮ ಮನೆಗೆ. ಎರಡು, ಮಂಜೂರಾದ ಲೋಡು ಹೆಚ್ಚಿಸ್ಬೇಕಾ ಅಂತ ಬೆಸ್ಕಾಂನಲ್ಲಿ ಮೊದ್ಲೇ ಕೇಳಿ. ಹೆಚ್ಚಾದ್ರೆ ತಿಂಗ್ಳ ನಿಗದಿ ಶುಲ್ಕನೂ ಏರ್ತದೆ. ಮೂರು, ಪೆಟ್ರೋಲಿಗೆ ಎತ್ತಿಡ್ತಿದ್ದ ದುಡ್ಡಲ್ಲಿ ಕರೆಂಟ್ ಬಿಲ್ಲು ಕಟ್ಟಿ, ಮಿಕ್ಕಿದ್ದು ಇಬ್ರ ಲೆಕ್ಕಕ್ಕೂ ಬರ್ಬೇಕು. ನಾಕು, ಬೀರುವಲ್ಲಿರೋ ಲೈಸೆನ್ಸ್ ಈಚೆಗೆ ತೆಗೀರಿ, ಅವಧಿ ಮುಗಿದಿದ್ರೆ ರಿನ್ಯೂ ಮಾಡ್ಸಿ. ಕೀ ಇರಬೇಕಾದ್ದು ಇಬ್ರಿಗೂ ಕೈಗೆಟುಕೋ ಮೊಳೇಲಿ.

ಇದನ್ನ ಓದಿ "ಗಂಡಸ್ರ ಮೇಲೆ ಎತ್ಕಟ್ತವ್ಳೆ" ಅನ್ನೋರು ಅನ್ಲಿ. ನಾನು ಕೇಳ್ತಿರೋದು ಭಾಗ ಅಲ್ಲ, ನ್ಯಾಯ. ಯಾರು ಚಾರ್ಜ್ ಹಾಕ್ತರೋ ಅವ್ರೂ ಓಡಿಸ್ಲಿ, ಯಾರು ಓಡಿಸ್ತರೋ ಅವ್ರೂ ಚಾರ್ಜ್ ಹಾಕ್ಲಿ.