ಸ್ತನದ ಗಂಟಿಗೂ ಒಂದು ಮಿಜಾಜ್ ಇದೆ



ಶಿಕಾರಿಪುರದ ನನ್ನ ದವಾಖಾನೆಗೆ ಸೊರಬದ ಕಡೆಯಿಂದಲೂ ಹೆಣ್ಣುಮಕ್ಕಳು ಬರುತ್ತಾರೆ. ಎದೆಯಲ್ಲಿ ಗಂಟು ಕಂಡು ತಿಂಗಳುಗಟ್ಟಲೆ ಗಂಡನಿಗೂ ಹೇಳದೆ ಮುಚ್ಚಿಟ್ಟು, ಕೊನೆಗೆ "ಆಪಾ, ನೀವೇ ಏನಾದರೂ ಪುಡಿ ಕೊಡಿ, ಶಿವಮೊಗ್ಗಕ್ಕೆ ಮಾತ್ರ ಕಳಿಸಬೇಡಿ" ಎನ್ನುತ್ತಾರೆ. ನಾನು ಪುಡಿ ಕೊಡುವುದಿಲ್ಲ. ಯುನಾನಿ ಓದಿದವಳೇ ಹೀಗೆ ಹೇಳಿದರೆ ಕೆಲವರಿಗೆ ಬೇಸರ. ಆದರೆ ಸಾವಿರ ವರ್ಷದ ಹಿಂದೆ ಸ್ಪೇನಿನ ಮಹಾನ್ ಶಸ್ತ್ರವೈದ್ಯ ಅಲ್ ಝಹ್ರಾವಿಯವರು, ಸರತಾನ್ ಅಂದರೆ ಕ್ಯಾನ್ಸರ್ ಚಿಕ್ಕದಿರುವಾಗಲೇ ಕತ್ತರಿಸಿ ತೆಗೆಯಬೇಕು, ಹಳತಾಗಿ ಬೆಳೆದುದನ್ನು ವಾಸಿ ಮಾಡುವುದು ತಮ್ಮಿಂದಲೂ ಆಗಿಲ್ಲ ಎಂದು ಬರೆದಿಟ್ಟಿದ್ದಾರೆ. ಅವರೇ ಒಪ್ಪಿಕೊಂಡದ್ದನ್ನು ಒಪ್ಪಿಕೊಳ್ಳಲು ನನಗೇಕೆ ನಾಚಿಕೆ?

ಆದರೆ ನಮ್ಮ ವೈದ್ಯದ ಒಂದು ಮಾತು ಇಲ್ಲಿ ನೆನಪಾಗುತ್ತದೆ. ಮಿಜಾಜ್ ನೋಡದೆ ಹಕೀಮ ನುಸ್ಖಾ ಬರೆಯುವುದಿಲ್ಲ. ಒಬ್ಬರಿಗೆ ಹಿಡಿದ ಮದ್ದು ಇನ್ನೊಬ್ಬರಿಗೆ ಹಿಡಿಯದು. ಇಂದಿನ ಕ್ಯಾನ್ಸರ್ ತಜ್ಞರು ಗಂಟಿನ ಬಗ್ಗೆ ಕೇಳುವುದೂ ಇಂಥದ್ದೇ ಪ್ರಶ್ನೆ. ಹೋಲಿಕೆ ಅಷ್ಟಕ್ಕೇ ನಿಲ್ಲಲಿ, ಮಿಜಾಜ್ ಎಂದರೆ ಜೀನ್ ಎಂದು ನಾನು ಹೇಳುತ್ತಿಲ್ಲ. ಗಂಟಿನ ಜೀವಕೋಶಗಳಲ್ಲಿ ಸಾವಿರಾರು ಜೀನ್‌ಗಳಿದ್ದರೂ ಎಲ್ಲವೂ ಒಂದೇ ಸಮನೆ ದುಡಿಯುವುದಿಲ್ಲ. ಕೆಲವು ಜೋರಾಗಿರುತ್ತವೆ, ಕೆಲವು ಮಲಗಿರುತ್ತವೆ. ಅದನ್ನು ಅಳೆದರೆ ರೋಗ ಯಾವ ಮದ್ದಿಗೆ ಬಗ್ಗೀತು ಎಂಬ ಅಂದಾಜು ಮೊದಲೇ ಸಿಗುತ್ತದೆ.

ಇದರ ಮೊದಲ ಮೆಟ್ಟಿಲು ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಪರೀಕ್ಷೆಗಳು. ಇವಿಲ್ಲದೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ಶುರುವಾಗಬಾರದು. ಇ.ಆರ್. ಪಾಸಿಟಿವ್ ಬಂದರೆ ಟಮಾಕ್ಸಿಫೆನ್‌ನಂಥ ಅಗ್ಗದ ಮಾತ್ರೆ ವರ್ಷಗಟ್ಟಲೆ ಕಾಪಾಡಬಲ್ಲದು, ಇ.ಆರ್., ಪಿ.ಆರ್. ಎರಡೂ ನೆಗೆಟಿವ್ ಆದರೆ ಅದೇ ಮಾತ್ರೆಯಿಂದ ಲಾಭವಿಲ್ಲ. ಹರ್-2 ಹೆಚ್ಚಿದ್ದವರಿಗೆ ಟ್ರಾಸ್ಟುಜುಮಾಬ್ ಎಂಬ ಇಂಜೆಕ್ಷನ್ ಇದೆ. ಬೆಂಗಳೂರಿನ ಬಯೋಕಾನ್ ಕಂಪನಿಯೂ ಅದನ್ನು ತಯಾರಿಸುತ್ತದೆ.

ಎರಡನೆಯ ಮೆಟ್ಟಿಲು ದುಬಾರಿ. ಗಂಟು ಆರಂಭದ ಹಂತದಲ್ಲಿದ್ದು, ಇ.ಆರ್. ಪಾಸಿಟಿವ್, ಹರ್-2 ನೆಗೆಟಿವ್ ಇದ್ದಾಗ "ಕೀಮೋ ಬೇಕೇ ಬೇಡವೇ" ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕದ ಆಂಕೋಟೈಪ್ ಡಿಎಕ್ಸ್ ಪರೀಕ್ಷೆ 21 ಜೀನ್‌ಗಳನ್ನು ಅಳೆದು 0ಯಿಂದ 100ರವರೆಗೆ ಅಂಕ ಕೊಡುತ್ತದೆ. ಕಂಕುಳಿನ ಗ್ರಂಥಿಗೆ ರೋಗ ಹರಡದ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಟೈಲರ್‌ಎಕ್ಸ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 50 ದಾಟಿದವರಲ್ಲಿ ಅಂಕ 25ರವರೆಗೆ ಇದ್ದರೆ ಹಾರ್ಮೋನ್ ಮಾತ್ರೆಯೇ ಸಾಕು, ಕೀಮೋದಿಂದ ಹೆಚ್ಚಿನ ಲಾಭವಿಲ್ಲ ಎಂದು ಅದು ತೋರಿಸಿತು. 50ರೊಳಗಿನವರಿಗೆ 16ರಿಂದ 25 ಅಂಕವಿದ್ದಾಗ ಕೀಮೋ ಸ್ವಲ್ಪ ನೆರವಾಗುತ್ತದೆ, ಹಾಗಾಗಿ ಕಿರಿಯರು ಅವಸರದಲ್ಲಿ ಬೇಡವೆನ್ನಬಾರದು. ಬೆಂಗಳೂರಿನ ಆಂಕೋಸ್ಟೆಮ್ ಸಂಸ್ಥೆಯ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಜೀನ್‌ಗಳ ಬದಲು ಐದು ಪ್ರೋಟೀನ್‌ಗಳನ್ನು ನೋಡಿ, ರೋಗ ಐದು ವರ್ಷದಲ್ಲಿ ಮರುಕಳಿಸುವ ಅಪಾಯವನ್ನು ಅಂದಾಜಿಸುತ್ತದೆ. ಖರ್ಚು ಅಮೆರಿಕದ್ದಕ್ಕಿಂತ ಬಹಳ ಕಡಿಮೆ, ಆದರೂ ಕೂಲಿ ಮಾಡುವ ಮನೆಗೆ ಅದೂ ಭಾರವೇ.

ಇಲ್ಲಿ ನನ್ನ ಒಂದು ತಕರಾರಿದೆ. ನಮ್ಮ ಜಮಾಅತ್‌ಗಳು ಹಣ ಕೂಡಿಸುವುದು ಕೀಮೋ ಶುರುವಾಗಿ ಮನೆಯ ಒಡವೆ ಅಡವಿಟ್ಟ ಮೇಲೆ. ಝಕಾತ್‌ಗೆ ಅರ್ಹಳಾದ ತಂಗಿಗೆ ತಜ್ಞರು ಈ ಪರೀಕ್ಷೆ ಬೇಕೆಂದಾಗಲೇ ಅದರ ಹಣ ಕೊಡಬಾರದೇಕೆ? ಬೇಡದ ಕೀಮೋ ತಪ್ಪಿದರೆ ಅವಳ ಕೂದಲು, ಕೂಲಿ, ಮನೆ ಮೂರೂ ಉಳಿದಾವು. ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಅರ್ಹ ಬಡವರಿಗೆ ಇದು ಉಚಿತವಾಗಿ ಸಿಗುವಂತಾಗಬೇಕು ಎಂದು ಶಾಸಕರನ್ನು ಕೇಳುವ ಕೆಲಸವೂ ನಮ್ಮದೇ.

ಯಾವ ಪರೀಕ್ಷೆಗೂ ಗಂಟಿನ ತುಂಡು ಕೆಡದೆ ಉಳಿದಿರಬೇಕು. ಒಮ್ಮೆ ಒಬ್ಬ ಮಗಳು ತಾಯಿಯ ಫೈಲು ಹಿಡಿದು ಬಂದಳು. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಗಂಟು ತೆಗೆದಿದ್ದರು. ರಿಪೋರ್ಟ್ ಎಲ್ಲಿ ಎಂದೆ. "ಕಳಿಸಲಿಲ್ಲ ಆಪಾ, ಬಿಸಾಕಿದರಂತೆ" ಎಂದಳು. ಆ ತಾಯಿಯ ಗಂಟು ಯಾವ ಬಗೆಯದೆಂದು ಇನ್ನು ಯಾರು ಹೇಳಬೇಕು?

ಆದ್ದರಿಂದ ಆಪರೇಷನ್ನಿಗೆ ಮೊದಲೇ ಕೇಳಿ: ತುಂಡನ್ನು ತಕ್ಷಣ ಫಾರ್ಮಲಿನ್‌ನಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತೀರಾ? ತಡವಾದರೆ ಇ.ಆರ್. ಇದ್ದರೂ ಇಲ್ಲವೆಂಬ ತಪ್ಪು ಫಲಿತಾಂಶ ಬರಬಹುದು. ಲ್ಯಾಬಿನವರು ಅದನ್ನು ಮೇಣದ ಚಿಕ್ಕ ತುಂಡಾಗಿ ಇಡುತ್ತಾರೆ, ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗುವಾಗ ರಿಪೋರ್ಟಿನ ಜೊತೆ ಬ್ಲಾಕನ್ನೂ ಕೇಳಿ ಪಡೆದು, ಬಿಸಿ ತಾಗದಂತೆ ಒಯ್ಯಿರಿ. ನನ್ನಿಂದಲೋ ಬೇರೆ ಹಕೀಮರಿಂದಲೋ ಏನಾದರೂ ಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಅಲ್ಲಿನ ವೈದ್ಯರಿಗೆ ಮುಚ್ಚಿಡದೆ ಹೇಳಿ.